ಶಾಲು ಹೊದ್ದರೆ ಹೊಟ್ಟೆ ತುಂಬುತ್ತದೆಯೇ?

ಸಂಜೆ ಐದರ ಹೊತ್ತಿಗೆ ಮೈಸೂರಿನ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಕುವೆಂಪುನಗರದ ಬಸ್ಸು ಹತ್ತುವವರು ಒಂದು ಸದ್ದು ಕೇಳಿರಬಹುದು. ಬಸ್ಸು ಗುಂಡಿಗೆ ಇಳಿದು ಹತ್ತಿದಾಗಲೆಲ್ಲ ಘಲ್ ಎನ್ನುತ್ತದೆ. ಮೊನ್ನೆ ನನ್ನ ಪಕ್ಕ ನಿಂತಿದ್ದ ಹಿರಿಯರೊಬ್ಬರು, 'ಯಾರಪ್ಪಾ ಬಸ್ಸಿಗೆ ಕುರಿಮರಿ ಹತ್ತಿಸಿದೋರು?' ಅಂತ ಬಗ್ಗಿ ಸೀಟಿನ ಕೆಳಗೆ ನೋಡಿದರು. ಕುರಿಮರಿ ಇರಲಿಲ್ಲ. ಕಿಟಕಿ ಪಕ್ಕ ಕೂತಿದ್ದ ಹೆಣ್ಣುಮಗಳೊಬ್ಬಳ ಬಟ್ಟೆ ಚೀಲದಲ್ಲಿ ಗೆಜ್ಜೆ ಇತ್ತು. ಜೊತೆಗೆ ತಾಳ ಹಾಕುವ ಕೋಲು, ಮಣೆ. ಆಕೆ ಭರತನಾಟ್ಯದ ಟೀಚರ್.

ಮಾತಿಗೆ ಮಾತು ಬೆಳೆಯಿತು. ವಿದ್ವತ್ ಪರೀಕ್ಷೆ ಪಾಸಾಗಿದೆ, ನೃತ್ಯದಲ್ಲಿ ಎಂ.ಎ. ಕೂಡ ಆಗಿದೆ. ಆರನೇ ವಯಸ್ಸಿಗೆ ಗೆಜ್ಜೆ ಕಟ್ಟಿದವರು, ಈಗ ನಲವತ್ತರ ಹತ್ತಿರ. ವಾರದಲ್ಲಿ ಎರಡು ದಿನ ಒಂದು ಖಾಸಗಿ ಶಾಲೆ, ಎರಡು ದಿನ ಒಂದು ಅಪಾರ್ಟ್‌ಮೆಂಟಿನ ಹಾಲು, ಉಳಿದ ದಿನ ಮನೆಯ ಮುಂದಿನ ಕೋಣೆಯಲ್ಲೇ ಪಾಠ.

'ಏನಮ್ಮಾ, ಸರ್ಕಾರದಿಂದ ಏನಾದರೂ ಸಹಾಯ ಉಂಟೋ?' ಅಂದೆ.

'ಉಂಟಲ್ಲ ಸರ್. 2023ರಲ್ಲಿ ಶಕ್ತಿ ಯೋಜನೆ ಬಂತು. ಬಸ್ ಚಾರ್ಜು ಉಳೀತಾ ಇದೆ. ಇಷ್ಟು ವರ್ಷದಲ್ಲಿ ನನ್ನ ಕೈಗೆ ಸಿಕ್ಕ ಅನುದಾನ ಅದೊಂದೇ' ಅಂದು ನಕ್ಕರು.

ಅವರು ನಕ್ಕರು, ನಿಜ. ಆದರೆ ಆ ನಗು ಇಳಿಯುವ ಸ್ಟಾಪಿನವರೆಗೂ ನನ್ನ ಜೊತೆಗೇ ಬಂತು. ನಮ್ಮ ಊರು ಕಲೆಗೆ ತವರು, ಸಂಸ್ಕೃತಿಗೆ ರಾಜಧಾನಿ ಅಂತೆಲ್ಲ ಬೋರ್ಡು ಹಾಕಿಕೊಂಡ ಊರು. ಈ ಊರಿನಲ್ಲಿ ಕುಣಿಯುವವರು ಬದುಕುವುದು ಹೇಗೆ? ಅವರಿಗೆ ದುಡ್ಡು ಕೊಡುವವರು ಯಾರು? ಇವತ್ತು ಒಂದಿಷ್ಟು ಲೆಕ್ಕ ನೋಡೋಣ. ಅಂಗಡಿ ಇಟ್ಟವರಿಗೆ ಲೆಕ್ಕ ಬೇಗ ಅರ್ಥವಾಗುತ್ತದೆ.

ವೇದಿಕೆಯ ಬಾಕಿ ಪುಸ್ತಕ

ಯಾವುದೇ ಸಭಾದ ಒಂದು ನೃತ್ಯ ಕಾರ್ಯಕ್ರಮ ತಗೊಳ್ಳಿ. ಹಾಲಿಗೆ ಬಾಡಿಗೆ ಕೊಡಬೇಕು. ಮೈಕಿನವನಿಗೆ ಕೊಡಬೇಕು, ಇಲ್ಲದಿದ್ದರೆ ಅವನು ವೈರು ಬಿಚ್ಚುತ್ತಾನೆ. ಲೈಟಿನವನಿಗೆ, ಹೂವಿನವರಿಗೆ, ಫ್ಲೆಕ್ಸ್ ಹಾಕಿದವನಿಗೆ, ವಿಡಿಯೊದವನಿಗೆ, ಕಾಫಿ-ಉಪ್ಪಿಟ್ಟಿನ ಅಡುಗೆಯವರಿಗೆ, ಎಲ್ಲರಿಗೂ ದುಡ್ಡು. ಪಕ್ಕವಾದ್ಯದವರಿಗೂ ದುಡ್ಡು, ಅದು ನ್ಯಾಯವೇ. ಹಾಡುವವರು, ನಟ್ಟುವಾಂಗದವರು, ಮೃದಂಗ, ಕೊಳಲು ಅಥವಾ ಪಿಟೀಲು ಎಂದರೆ ನಾಲ್ಕು ಜನ.

ಕೊನೆಗೆ ಉಳಿಯುವುದು ಕುಣಿದವಳು. ಜನ ಬಂದದ್ದು ಅವಳನ್ನು ನೋಡುವುದಕ್ಕೆ. ಅವಳಿಗೆ ಏನು? ಒಂದು ಶಾಲು, ಒಂದು ಗಂಧದ ಹಾರ, ಒಂದು ಫಲಕ, ಹಣ್ಣಿನ ಬುಟ್ಟಿ, ಮುಖ್ಯ ಅತಿಥಿಗಳ ಇಪ್ಪತ್ತು ನಿಮಿಷದ ಭಾಷಣ. ಎಷ್ಟೋ ಕಡೆ ಪಕ್ಕವಾದ್ಯದ ಖರ್ಚನ್ನೂ ಅವಳೇ ಹಾಕಿಕೊಳ್ಳಬೇಕು. ಇನ್ನೂ ಕೆಲವು ಕಡೆ ವೇದಿಕೆಗೆ ಅಂತಲೇ 'ನೋಂದಣಿ ಶುಲ್ಕ' ಕೇಳುವುದುಂಟು. ಅಂದರೆ ಹೋಟೆಲಿನಲ್ಲಿ ಅಡುಗೆ ಮಾಡಿದವನೇ ಬಿಲ್ಲು ಕೊಟ್ಟು ಹೋಗಬೇಕು!

ಸರ್ಕಾರದ ಕಾನೂನಿನಲ್ಲಿ ಒಂದು ತಮಾಷೆಯ ಕಲಮು ಇದೆ. ಜಿ.ಎಸ್.ಟಿ. ನಿಯಮದ ಪ್ರಕಾರ ಶಾಸ್ತ್ರೀಯ ನೃತ್ಯ ಕಲಾವಿದರು ಒಂದು ಪ್ರದರ್ಶನಕ್ಕೆ ಪಡೆಯುವ ಸಂಭಾವನೆ 1.5 ಲಕ್ಷ ರೂಪಾಯಿ ಮೀರದಿದ್ದರೆ ತೆರಿಗೆ ಇಲ್ಲ. ಒಳ್ಳೆಯ ಕಾನೂನು. ಇದನ್ನು ಆ ಟೀಚರಮ್ಮನಿಗೆ ಹೇಳಿದರೆ, 'ಮೀರೋ ಭಯ ನಮಗೆ ಇಲ್ಲ ಬಿಡಿ ಸರ್' ಅಂದರು.

ಹೀಗೆ ಯಾಕಾಯಿತು? ಹಿಂದೆಯೂ ಹೀಗೇ ಇತ್ತೇ? ಇರಲಿಲ್ಲ. ಅದಕ್ಕೆ ಸಾಕ್ಷಿ ಬೇರೆಲ್ಲೂ ಹುಡುಕಬೇಕಾಗಿಲ್ಲ, ನಮ್ಮ ಅರಮನೆಯಲ್ಲೇ ಇದೆ.

ತಾಂಡ್ಯದ ಹುಡುಗಿ, ಅರಮನೆಯ ಸಂಬಳ

ಮೈಸೂರು ಅರಮನೆಯಲ್ಲಿ ಜಟ್ಟಿ ತಾಯಮ್ಮ ಎಂಬ ಮಹಾ ಕಲಾವಿದೆ ಇದ್ದರು. 1857ರಲ್ಲಿ ಹುಟ್ಟಿ 1947ರವರೆಗೆ ಬಾಳಿದವರು. ಹೆಸರೇ ಹೇಳುವಂತೆ ಜಟ್ಟಿಗಳ ಮನೆತನ, ತಂದೆ ಕುಸ್ತಿಯವರು. ಅಭಿನಯ ಎಂದರೆ ತಾಯಮ್ಮನವರದು ಅನ್ನುವ ಕಾಲ ಅದು. ಒಂದೇ ಸಾಲಿನ ಪದಕ್ಕೆ ಹತ್ತು ಬಗೆಯ ಮುಖಭಾವ ತೋರಿಸುತ್ತಿದ್ದರಂತೆ.

ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ. ಈ ಹೆಸರು ಹಳಬರಿಗೆ ಗೊತ್ತು. ಆದರೆ ಆಕೆ ಎಲ್ಲಿಂದ ಬಂದರು ಅನ್ನುವುದು ಎಲ್ಲರಿಗೂ ಗೊತ್ತಿಲ್ಲ. ಕಡೂರು ತಾಲ್ಲೂಕಿನ ತಂಗಲಿ ತಾಂಡ್ಯದಲ್ಲಿ 1906ರಲ್ಲಿ ಹುಟ್ಟಿದ ಲಂಬಾಣಿ ಮಗು. ಅಜ್ಜ-ಅಜ್ಜಿ ಕೈಹಿಡಿದು ಮೈಸೂರಿಗೆ ಕರೆತಂದರು. ಎಂಟನೇ ವಯಸ್ಸಿಗೆ ತಾಯಮ್ಮನವರ ಬಳಿ ಪಾಠ ಶುರು. ಹನ್ನೆರಡಕ್ಕೆ ರಂಗಪ್ರವೇಶ. ಆಸ್ಥಾನದ ವಿದ್ವಾಂಸರಿಂದ ಸಂಸ್ಕೃತ, ಬಿ. ದೇವೇಂದ್ರಪ್ಪನವರಂಥ ದೊಡ್ಡವರಿಂದ ಸಂಗೀತ. 1939ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಆಸ್ಥಾನ ವಿದುಷಿ.

ಮುಂದಿನದು ಇನ್ನೂ ದೊಡ್ಡ ಕತೆ. ಮೈಸೂರು ವಿಶ್ವವಿದ್ಯಾನಿಲಯ 1965ರಲ್ಲಿ ನೃತ್ಯ ವಿಭಾಗ ತೆರೆದಾಗ ಮೊದಲ ರೀಡರ್ ಆಗಿ ಕರೆದದ್ದು ಇವರನ್ನೇ. ಆಗ ಅವರಿಗೆ ಐವತ್ತೊಂಬತ್ತು ವರ್ಷ. ಬೇರೆಯವರು ಪಿಂಚಣಿ ಕಾಗದ ತುಂಬುವ ವಯಸ್ಸಿನಲ್ಲಿ ಅವರಿಗೆ ಹೊಸ ಕೆಲಸ! 1974ರವರೆಗೆ ಒಂಬತ್ತು ವರ್ಷ ಪಾಠ ಹೇಳಿದರು. 1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1977ರಲ್ಲಿ ಅದೇ ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 1992ರಲ್ಲಿ ಪದ್ಮಭೂಷಣ. 2002ರ ಜುಲೈನಲ್ಲಿ ತೀರಿಕೊಂಡಾಗ ತೊಂಬತ್ತಾರು ವರ್ಷ. ಮುಪ್ಪಿನಲ್ಲೂ ಕೂತಲ್ಲೇ ಅಭಿನಯ ತೋರಿಸಿದರೆ ನೋಡಿದವರು ಕಣ್ಣು ಮಿಟುಕಿಸುತ್ತಿರಲಿಲ್ಲ.

ಈ ಕತೆಯಲ್ಲಿ ಒಂದು ಮಾತು ಗಮನಿಸಿ. ಪ್ರತಿಭೆ ಆ ಮಗುವಿನದು, ಪಾಠ ತಾಯಮ್ಮನವರದು. ಆದರೆ ಅನ್ನ ಅರಮನೆಯದು, ಆಮೇಲೆ ವಿಶ್ವವಿದ್ಯಾನಿಲಯದ್ದು. ಕುಣಿಯುವುದಕ್ಕೆ, ಕಲಿಸುವುದಕ್ಕೆ ಯಾರೋ ಒಬ್ಬರು ತಿಂಗಳು ತಿಂಗಳು ಕೊಡುತ್ತಿದ್ದರು. ಅದಕ್ಕೇ ತಾಂಡ್ಯದ ಹುಡುಗಿ ಪದ್ಮಭೂಷಣದವರೆಗೆ ನಡೆದು ಹೋದಳು.

ಹಳೆಯದೆಲ್ಲ ಚಿನ್ನವಲ್ಲ

ಹಾಗಂತ ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಆ ಕಾಲದಲ್ಲಿ ಕುಣಿಯುವ ಹೆಂಗಸಿಗೆ ಅನ್ನ ಇತ್ತು, ಮರ್ಯಾದೆ ಇರಲಿಲ್ಲ. ಮದುವೆಗೆ ನಾಚ್ ಕರೆಸಿದ ಯಜಮಾನರೇ ಬೆಳಗಾದರೆ ಮುಖ ತಿರುಗಿಸುತ್ತಿದ್ದರು. ದೇವರ ಹೆಸರಿನಲ್ಲಿ ಬಿಟ್ಟ ಹೆಣ್ಣುಮಕ್ಕಳ ಪಾಡು ಏನಾಗುತ್ತಿತ್ತು ಅನ್ನುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಮೈಸೂರು ಸರ್ಕಾರ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿ ಆಜ್ಞೆ ಹೊರಡಿಸಿತು. ಮದರಾಸಿನಲ್ಲಿ 1947ರಲ್ಲಿ ಕಾನೂನು ಬಂತು. ಇಡೀ ಕರ್ನಾಟಕಕ್ಕೆ ಅನ್ವಯಿಸುವ ನಿಷೇಧ ಕಾನೂನು ಆದದ್ದು 1982ರಲ್ಲಿ. ಇದೆಲ್ಲ ಆಗಲೇಬೇಕಾಗಿತ್ತು, ಆಯಿತು. ಆದರೆ ಆ ಆಜ್ಞೆಯಲ್ಲಿ ಕೆಟ್ಟ ಪದ್ಧತಿಯ ಜೊತೆಗೆ ಒಂದು ಕೆಲಸವೂ ಹೋಯಿತು. ತಲೆಮಾರುಗಳಿಂದ ವಿದ್ಯೆ ಇಟ್ಟುಕೊಂಡಿದ್ದ ಮನೆಗಳಿಗೆ, 'ನಾಳೆಯಿಂದ ಬರಬೇಡಿ' ಅಂದರು. ಬದಲಿ ಕೆಲಸ ಏನು ಅಂತ ಹೇಳಲಿಲ್ಲ. ತಿ. ನರಸೀಪುರ ತಾಲ್ಲೂಕಿನ ಮೂಗೂರಿಗೆ ಒಂದು ನೃತ್ಯ ಸಂಪ್ರದಾಯವೇ ಇತ್ತು. ಇವತ್ತು ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಆಮೇಲೆ ಗಾಳಿ ತಿರುಗಿತು. 1936ರಲ್ಲಿ ಮದರಾಸಿನಲ್ಲಿ ರುಕ್ಮಿಣಿದೇವಿ ಅರುಂಡೇಲ್ ಕಲಾಕ್ಷೇತ್ರ ಶುರು ಮಾಡಿದರು. ಸಂಭಾವಿತ ಮನೆಗಳ ಹೆಣ್ಣುಮಕ್ಕಳು ಗೆಜ್ಜೆ ಕಟ್ಟಿದರು. ನಮ್ಮ ಕಡೆ ಯು.ಎಸ್. ಕೃಷ್ಣರಾವ್ ಮತ್ತು ಚಂದ್ರಭಾಗಾದೇವಿ ದಂಪತಿಗಳು ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರ ಬಳಿ ಕಲಿತು ಬಂದು ಬೆಂಗಳೂರಿನಲ್ಲಿ ಶಾಲೆ ನಡೆಸಿದರು. ಗಂಡಸು ಕುಣಿಯುವುದೇ ಎಂದು ಮೂಗು ಮುರಿಯುವ ಕಾಲದಲ್ಲಿ ಕೃಷ್ಣರಾವ್ ಕುಣಿದರು. ಮರ್ಯಾದೆ ಬಂತು. ಬಹಳ ದೊಡ್ಡ ಕೆಲಸ, ಇಲ್ಲ ಅನ್ನುವ ಹಾಗಿಲ್ಲ.

ಆದರೆ ಇಲ್ಲೂ ಒಂದು ಮಾತು ಗಮನಿಸಿ. ಕೃಷ್ಣರಾವ್ ಅವರ ಉದ್ಯೋಗ ಏನು? ರಸಾಯನಶಾಸ್ತ್ರದ ಪ್ರೊಫೆಸರು. ಬೆಳಗ್ಗೆ ಕಾಲೇಜಿನ ಪ್ರಯೋಗಾಲಯ, ಸಂಜೆ ಗೆಜ್ಜೆ. ಮನೆ ನಡೆಯಲು ಕಾಲೇಜಿನ ಸಂಬಳ ಇತ್ತು. ಅವರು ಪುಣ್ಯವಂತರು, ಎರಡನ್ನೂ ನಿಭಾಯಿಸಿದರು. ಆದರೆ ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ನೃತ್ಯಕ್ಕೆ ಮರ್ಯಾದೆ ಬಂದಾಗ ಸಂಬಳ ಹೋಯಿತು. ಗಂಡನ ಸಂಬಳ, ಅಪ್ಪನ ವ್ಯಾಪಾರ, ಇಲ್ಲವೇ ಬೇರೊಂದು ನೌಕರಿ ಇದ್ದವರು ಮಾತ್ರ ನಿಶ್ಚಿಂತೆಯಿಂದ ಕುಣಿಯಬಹುದು ಅನ್ನುವಂತಾಯಿತು. ಅನ್ನ ಇದ್ದಾಗ ಮರ್ಯಾದೆ ಇಲ್ಲ, ಮರ್ಯಾದೆ ಬಂದಾಗ ಅನ್ನ ಇಲ್ಲ. ಎರಡೂ ಒಟ್ಟಿಗೆ ಕೊಡುವುದು ನಮಗೆ ಇನ್ನೂ ಬಂದಿಲ್ಲ.

ಪಾಠದ ಲೆಕ್ಕ

ಕುಣಿತದಿಂದ ಬರದಿದ್ದರೆ ಪಾಠದಿಂದ ಬರುತ್ತದಲ್ಲ ಅನ್ನುತ್ತೀರಿ. ಸರಿ, ಒಂದು ಲೆಕ್ಕ ಹಾಕೋಣ. ಇದು ಯಾರದೋ ಮನೆಯ ಲೆಕ್ಕವಲ್ಲ, ಸುಮ್ಮನೆ ಉದಾಹರಣೆಗೆ. ತಿಂಗಳಿಗೆ ಒಂದು ಮಗುವಿಗೆ 1,000 ರೂಪಾಯಿ, ಇಪ್ಪತ್ತು ಮಕ್ಕಳು. 20,000 ಆಯಿತು. ಏಪ್ರಿಲ್-ಮೇ ರಜೆ, ಮಕ್ಕಳು ಅಜ್ಜಿ ಮನೆಗೆ, ಫೀಸಿಲ್ಲ. ಪರೀಕ್ಷೆಯ ತಿಂಗಳು ಅರ್ಧ ಮಕ್ಕಳು ಬರುವುದಿಲ್ಲ. ದಸರಾ ರಜೆ ಬೇರೆ. ವರ್ಷಕ್ಕೆ ಒಂಬತ್ತು ತಿಂಗಳ ಫೀಸು ಕೈಗೆ ಬಂದರೆ ದೊಡ್ಡದು. ಹನ್ನೆರಡು ತಿಂಗಳಿಗೆ ಹಂಚಿ, ತಿಂಗಳಿಗೆ 15,000. ಅದರಲ್ಲಿ ಕೋಣೆಯ ಬಾಡಿಗೆ ಕಳೆಯಿರಿ. ಉಳಿದದ್ದರಲ್ಲಿ ಅಕ್ಕಿ, ಗ್ಯಾಸು, ಮಕ್ಕಳ ಸ್ಕೂಲು. ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ, ಬೋನಸ್ ಇಲ್ಲ.

ಮಕ್ಕಳಾದರೂ ಉಳಿಯುತ್ತಾರೆಯೇ? ಏಳನೇ ಕ್ಲಾಸಿನವರೆಗೆ ಬರುತ್ತಾರೆ. ಜೂನಿಯರ್ ಪಾಸಾಗುತ್ತಾರೆ. ಸೀನಿಯರ್ ಹೊತ್ತಿಗೆ ಎಸ್.ಎಸ್.ಎಲ್.ಸಿ. ಬರುತ್ತದೆ, ಟ್ಯೂಷನ್ ಬರುತ್ತದೆ. ವಿದ್ವತ್ತಿನ ಹೊತ್ತಿಗೆ ಸಿ.ಇ.ಟಿ., ನೀಟ್. ಹತ್ತು ವರ್ಷ ಕಲಿಸಿದ ಹುಡುಗಿ ಒಂದು ದಿನ ಬಂದು ಕಾಲಿಗೆ ಬಿದ್ದು, 'ಮಿಸ್, ಇಂಜಿನಿಯರಿಂಗ್ ಸೀಟು ಸಿಕ್ಕಿತು' ಅನ್ನುತ್ತಾಳೆ. ಹಾರೈಸಿ ಕಳಿಸಬೇಕು, ಇನ್ನೇನು ಮಾಡುವುದು.

ಅದಕ್ಕೆ ಮುಂಚೆ ಕೆಲವು ಮನೆಗಳಲ್ಲಿ ರಂಗಪ್ರವೇಶ ನಡೆಯುತ್ತದೆ. ಹೆಸರು ನೋಡಿ, ರಂಗಕ್ಕೆ ಪ್ರವೇಶ! ಈಗ ಬಹುಪಾಲು ಮಕ್ಕಳಿಗೆ ಅದು ರಂಗದಿಂದ ಬೀಳ್ಕೊಡುಗೆ. ಹಾಲು, ವಾದ್ಯಗೋಷ್ಠಿ, ನಾಲ್ಕು ಜೊತೆ ಉಡುಪು, ಆಭರಣ, ಮೇಕಪ್ಪು, ಬಣ್ಣದ ಆಮಂತ್ರಣ, ಬಂದವರಿಗೆ ಊಟ. ಖರ್ಚು ಲಕ್ಷಗಳಲ್ಲಿ. ಸಣ್ಣ ಮದುವೆಯೇ ಸರಿ. ಸ್ಥಿತಿವಂತರು ಮಾಡುತ್ತಾರೆ, ಮಾಡಲಿ. ನಮ್ಮ ಸಯ್ಯಾಜಿರಾವ್ ರಸ್ತೆಯ ಬಟ್ಟೆ ಅಂಗಡಿಗೂ ಹೂವಿನವರಿಗೂ ಅಡುಗೆಯವರಿಗೂ ವ್ಯಾಪಾರ ಆಗುತ್ತದೆ. ಆದರೆ ಅಷ್ಟು ಖರ್ಚು ಮಾಡಲಾಗದ ಮನೆಯ ಹುಡುಗಿ, ಅವಳಿಗಿಂತ ಚೆನ್ನಾಗಿ ಕುಣಿದರೂ, ಹಿಂದಿನ ಸಾಲಿನಲ್ಲೇ ಉಳಿಯುತ್ತಾಳೆ.

ಪಕ್ಕದಂಗಡಿಯ ಪೈಪೋಟಿ

ಈಗ ಮುಖ್ಯ ಮಾತಿಗೆ ಬರೋಣ. ಕುಣಿಯುವವರಿಗೆ ಯಾಕೆ ದುಡ್ಡು ಕೊಡುವುದಿಲ್ಲ ಅಂತ ಸಭಾದ ಕಾರ್ಯದರ್ಶಿಯೊಬ್ಬರನ್ನು ಕೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಕಷ್ಟಪಟ್ಟು ಚಂದಾ ಎತ್ತಿ ವರ್ಷಕ್ಕೆ ನಾಲ್ಕು ಕಾರ್ಯಕ್ರಮ ಮಾಡುವವರು. 'ಸ್ವಾಮಿ, ದುಡ್ಡು ಕೇಳದೆ ಕುಣಿಯೋಕೆ ಹತ್ತು ಜನ ಕ್ಯೂ ನಿಂತಿದ್ದಾರೆ. ಅವರೇ ವಾದ್ಯದವರನ್ನೂ ಕರ್ಕೊಂಡು ಬರ್ತಾರೆ. ನಾನು ದುಡ್ಡು ಕೊಟ್ಟು ಯಾಕೆ ಕರೀಲಿ?' ಅಂದರು.

ಅಂಗಡಿಯವರೇ, ಇದು ನಿಮಗೆ ಗೊತ್ತಿರುವ ಕತೆ. ಪಕ್ಕದಂಗಡಿಯವನು ಅಸಲಿಗಿಂತ ಕಡಿಮೆಗೆ ಮಾರಿದರೆ ಏನಾಗುತ್ತದೆ? ಅವನಿಗೆ ಬೇರೆ ಕಡೆ ಆದಾಯ ಇದೆ, ತಡೆದುಕೊಳ್ಳುತ್ತಾನೆ. ಅದೇ ವ್ಯಾಪಾರ ನಂಬಿದ ನೀವು ಬಾಗಿಲು ಹಾಕುತ್ತೀರಿ. ನೃತ್ಯದಲ್ಲಿ ಆಗಿರುವುದು ಇದೇ. ದುಡ್ಡು ಬೇಡದವರು ಬಿಟ್ಟಿ ಕುಣಿಯುತ್ತಾರೆ. ಅದರಿಂದ ದುಡ್ಡು ಬೇಕಾದವರಿಗೆ ವೇದಿಕೆ ಸಿಗುವುದಿಲ್ಲ. ಬಿಟ್ಟಿ ಕುಣಿಯುವವರು ಪಾಪ ಯಾರ ಅನ್ನವನ್ನೂ ಕಸಿಯಬೇಕು ಅಂತ ಬಂದವರಲ್ಲ. ಮಗಳು ವೇದಿಕೆ ಮೇಲೆ ನಿಲ್ಲಲಿ ಅನ್ನುವ ಆಸೆ ಅಷ್ಟೇ. ಆದರೆ ಪರಿಣಾಮ ಒಂದೇ.

'ಕಲೆ ಅನ್ನೋದು ಸೇವೆ, ತಪಸ್ಸು. ಅದರಲ್ಲಿ ದುಡ್ಡಿನ ಮಾತು ತರಬಾರದು' ಅನ್ನುವವರು ನಮ್ಮಲ್ಲಿ ಬಹಳ. ತಾಯಮ್ಮನವರಿಗೂ ವೆಂಕಟಲಕ್ಷಮ್ಮನವರಿಗೂ ಅರಮನೆ ಕೊಟ್ಟದ್ದು ಏನು ಮತ್ತೆ? ಅದರಿಂದ ಅವರ ಅಭಿನಯ ಮಂಕಾಯಿತೇ? ಹಾಗೆ ಹೇಳುವವರು ತಮ್ಮ ತಿಂಗಳ ಸಂಬಳ ಒಂದು ದಿನ ತಡವಾದರೆ ಸುಮ್ಮನಿರುತ್ತಾರೆಯೇ?

ಮೊಣಕಾಲು ಮತ್ತು ಮುಪ್ಪು

ಅಂಗಡಿಯಲ್ಲಿ ಮಾರದೆ ಉಳಿದ ಸರಕು ನಾಳೆಗಾದರೂ ಇರುತ್ತದೆ. ನರ್ತಕಿಯ ಸರಕು ಅವಳ ಮೊಣಕಾಲು. ಅರೆಮಂಡಿಯಲ್ಲಿ ಗಂಟೆಗಟ್ಟಲೆ ಕೂತು, ಸಿಮೆಂಟು ನೆಲದ ಮೇಲೆ ವರ್ಷಗಟ್ಟಲೆ ತಟ್ಟಿದ ಕಾಲು ನಲವತ್ತೈದಕ್ಕೆ ಮಾತಾಡಲು ಶುರು ಮಾಡುತ್ತದೆ. ಮರದ ನೆಲ ಹಾಕಿಸಬೇಕು ಅನ್ನುತ್ತಾರೆ ವೈದ್ಯರು. ಬಾಡಿಗೆ ಕೋಣೆಗೆ ಮರದ ನೆಲ ಯಾರು ಹಾಕಿಸುತ್ತಾರೆ?

ಮುಪ್ಪಿನಲ್ಲಿ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಊರಿನಿಂದ ದೂರದ, ಆದರೆ ಎಲ್ಲ ಊರಿಗೂ ಸೇರಿದ ಒಂದು ಪ್ರಸಂಗ ಹೇಳಬೇಕು. 2022ರ ಏಪ್ರಿಲ್ ತಿಂಗಳು, ದೆಹಲಿ. ಒಡಿಸ್ಸಿಯ ಹಿರಿಯ ಗುರು ಮಾಯಾಧರ ರಾವುತ್. 2010ರ ಪದ್ಮಶ್ರೀ. ಒಡಿಸ್ಸಿಗೆ ಶಾಸ್ತ್ರೀಯ ನೃತ್ಯದ ಸ್ಥಾನ ಬರುವುದಕ್ಕೆ ದುಡಿದ ಗುರುಗಳಲ್ಲಿ ಒಬ್ಬರು. ಏಷ್ಯನ್ ಗೇಮ್ಸ್ ವಿಲೇಜಿನಲ್ಲಿ ಸರ್ಕಾರ ಕಲಾವಿದರಿಗೆ ಅಂತ ಕೊಟ್ಟ ಮನೆಯಲ್ಲಿದ್ದರು. ತೊಂಬತ್ತರ ಆಸುಪಾಸಿನ ಆ ಮುದುಕರನ್ನು ಮನೆ ಖಾಲಿ ಮಾಡಿಸಿದರು. ಸಾಮಾನು ರಸ್ತೆಗೆ ಬಂತು. ಅದರ ನಡುವೆ ಪದ್ಮಶ್ರೀ ಪ್ರಶಸ್ತಿ ಪತ್ರವೂ ಇದ್ದ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು.

ಸರ್ಕಾರದ ಮಾತೂ ಹೇಳಬೇಕು. ಮನೆ ಕೊಟ್ಟದ್ದು ಇಂತಿಷ್ಟು ವರ್ಷಕ್ಕೆ ಅಂತ. ಗಡುವು ಮುಗಿದು ಬಹಳ ಕಾಲವಾಗಿತ್ತು. ನೋಟಿಸು ಹೋಗಿತ್ತು, ಕೋರ್ಟಿನಲ್ಲೂ ವ್ಯಾಜ್ಯ ನಡೆದಿತ್ತು. ಕಾಗದದ ಮಟ್ಟಿಗೆ ಅಧಿಕಾರಿಗಳು ಮಾಡಿದ್ದು ಸರಿ ಇರಬಹುದು. ಆದರೆ ಎಪ್ಪತ್ತು-ಎಂಬತ್ತು ವರ್ಷ ಕುಣಿದು ಕಲಿಸಿದ ಮನುಷ್ಯನಿಗೆ ಮುಪ್ಪಿನಲ್ಲಿ ತನ್ನದು ಅಂತ ಒಂದು ಮನೆ ಇಲ್ಲದೆ ಹೋದದ್ದು ಹೇಗೆ? ಆ ಪ್ರಶ್ನೆಗೆ ಯಾವ ನೋಟಿಸಿನಲ್ಲೂ ಉತ್ತರ ಇಲ್ಲ. ರಾವುತ್ ಅವರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಪದ್ಮ ಪ್ರಶಸ್ತಿಗೆ ನಗದು ಇಲ್ಲ. ಪತ್ರ ಮತ್ತು ಪದಕ ಅಷ್ಟೇ. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಗೆ ಒಂದು ಲಕ್ಷ ರೂಪಾಯಿ, ಜೀವನದಲ್ಲಿ ಒಮ್ಮೆ. ಕಷ್ಟದಲ್ಲಿರುವ ಅರವತ್ತು ದಾಟಿದ ಕಲಾವಿದರಿಗೆ ಕೇಂದ್ರ ಸರ್ಕಾರದ ಮಾಸಾಶನ ಗರಿಷ್ಠ 6,000 ರೂಪಾಯಿ. ರಾಜ್ಯದ ಮಾಸಾಶನ ಬೇರೆ ಇದೆ, ಅದು ಅದಕ್ಕಿಂತ ಕಡಿಮೆ. ಕೊರೊನಾ ಕಾಲದಲ್ಲಿ ಎಲ್ಲ ವೇದಿಕೆಗಳೂ ಮುಚ್ಚಿದಾಗ, 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಪ್ಯಾಕೇಜು ಘೋಷಿಸಿ ಕಲಾವಿದರಿಗೆ ತಲಾ 3,000 ರೂಪಾಯಿ ಅಂದಿತು. ಇಲ್ಲದ್ದಕ್ಕಿಂತ ವಾಸಿ. ಆದರೆ ಅದರಲ್ಲಿ ಒಂದು ಜೊತೆ ಒಳ್ಳೆಯ ಉಡುಪೂ ಹೊಲಿಸಲಾಗುವುದಿಲ್ಲ.

ಕೊಟ್ಟರೆ ಏನಾಗುತ್ತದೆ?

ಕೊಟ್ಟರೂ ಏನೂ ಆಗುವುದಿಲ್ಲ ಅನ್ನುವವರಿಗೆ ಬೆಂಗಳೂರಿನ ಹತ್ತಿರದ ಹೆಸರಘಟ್ಟ ತೋರಿಸಬೇಕು. ಪ್ರೊತಿಮಾ ಬೇಡಿ ಅಲ್ಲಿ 1990ರಲ್ಲಿ ನೃತ್ಯಗ್ರಾಮ ಕಟ್ಟಿದರು. ರಾಜ್ಯ ಸರ್ಕಾರ ಹತ್ತು ಎಕರೆ ಜಮೀನು ಗುತ್ತಿಗೆಗೆ ಕೊಟ್ಟಿತು. ಕಲಿಯುವವರು ಅಲ್ಲೇ ಇದ್ದು, ಅಲ್ಲೇ ಉಂಡು, ಬೆಳಗಿನಿಂದ ಸಂಜೆಯವರೆಗೆ ಕುಣಿತವೇ ಕೆಲಸ. ಅವರು 1998ರಲ್ಲಿ ಮಾನಸ ಸರೋವರದ ಯಾತ್ರೆಯಲ್ಲಿ ಮಾಲ್ಪಾದ ಭೂಕುಸಿತಕ್ಕೆ ಸಿಕ್ಕಿ ತೀರಿಹೋದರು. ಸಂಸ್ಥೆ ನಿಲ್ಲಲಿಲ್ಲ. ಅಲ್ಲಿನ ತಂಡ ಹೊರದೇಶಗಳಲ್ಲೆಲ್ಲ ಹೆಸರು ಮಾಡಿತು. ಜಾಗ, ಅನ್ನ, ಸಮಯ ಮೂರೂ ಸಿಕ್ಕರೆ ಏನು ಸಾಧ್ಯ ಅನ್ನುವುದಕ್ಕೆ ಇದು ಸಾಕ್ಷಿ. ಅರಮನೆ ಮಾಡಿದ್ದೂ ಅದನ್ನೇ ಅಲ್ಲವೇ?

ಎಲ್ಲ ಊರಿಗೂ ಹತ್ತು ಎಕರೆ ಬೇಡ. ನಮ್ಮ ಊರಿಗೆ ಬೇಕಾದದ್ದು ಸಣ್ಣ ಸಣ್ಣ ಮೂರು ಕೆಲಸ.

ಒಂದು, ಸರ್ಕಾರಿ ಶಾಲೆಯಲ್ಲಿ ನೃತ್ಯದ ಮೇಷ್ಟ್ರು. ನಿಮ್ಮ ವಾರ್ಡಿನ ಸರ್ಕಾರಿ ಶಾಲೆಯಲ್ಲಿ ಎಂದಾದರೂ ಕಂಡಿದ್ದೀರಾ? ವಿಶ್ವವಿದ್ಯಾನಿಲಯಗಳು ವರ್ಷ ವರ್ಷ ನೃತ್ಯದಲ್ಲಿ ಪದವಿ ಕೊಡುತ್ತವೆ. ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿ ಸಂಗೀತ, ಪ್ರದರ್ಶಕ ಕಲೆಗಳಿಗೇ ಒಂದು ವಿಶ್ವವಿದ್ಯಾನಿಲಯ ನಮ್ಮ ಮೈಸೂರಿನಲ್ಲಿದೆ. ಅಲ್ಲಿಂದ ಹೊರಬಂದವರು ಎಲ್ಲಿಗೆ ಹೋಗಬೇಕು? ಪದವಿ ಕೊಡುವ ಸರ್ಕಾರವೇ ಹುದ್ದೆ ಕೊಡದಿದ್ದರೆ, ಅದು ಟಿಕೆಟ್ ಹರಿದು ಕೊಟ್ಟು ಬಸ್ಸು ಬಿಡದ ಹಾಗೆ.

ಎರಡು, ಸರ್ಕಾರದ ದುಡ್ಡು, ದೇವಸ್ಥಾನದ ದುಡ್ಡು, ಪಾಲಿಕೆಯ ದುಡ್ಡು ಬಿದ್ದ ಯಾವ ವೇದಿಕೆಯಲ್ಲೂ ಬಿಟ್ಟಿ ಕುಣಿತ ಇರಬಾರದು. ಇಂತಿಷ್ಟು ಕನಿಷ್ಠ ಸಂಭಾವನೆ ಅಂತ ಗೊತ್ತುಪಡಿಸಬೇಕು. ಅದನ್ನು ಕಾರ್ಯಕ್ರಮದ ದಿನವೇ ಕೊಡಬೇಕು. ಆರು ತಿಂಗಳು ಕಚೇರಿ ಮೆಟ್ಟಿಲು ಹತ್ತಿಸಬಾರದು. ಮಣ್ಣು ಹೊರುವ ಕೂಲಿಗೆ ಕನಿಷ್ಠ ವೇತನ ಇದೆ, ಕುಣಿಯುವ ಕಾಲಿಗೆ ಯಾಕಿಲ್ಲ?

ಮೂರನೆಯದು ನಿಮ್ಮ ಕೈಲೇ ಇದೆ, ಅಂಗಡಿಯವರೇ. ಗಣೇಶೋತ್ಸವ, ರಾಮೋತ್ಸವ, ರಾಜ್ಯೋತ್ಸವ ಅಂತ ರಸೀದಿ ಪುಸ್ತಕ ಹಿಡಿದು ನಿಮ್ಮ ಗಲ್ಲಾದ ಮುಂದೆ ಬಂದು ನಿಲ್ಲುತ್ತಾರೆ. ನೀವು ಇಲ್ಲ ಅನ್ನುವವರಲ್ಲ, ಐನೂರೋ ಸಾವಿರವೋ ಕೊಡುತ್ತೀರಿ. ಈ ಸಲ ಕೊಡುವ ಮುಂಚೆ ಒಂದು ಮಾತು ಕೇಳಿ: 'ನೃತ್ಯದ ಪ್ರೋಗ್ರಾಮು ಇದೆಯಾ? ಕುಣಿಯೋರಿಗೆ ಎಷ್ಟು ಕೊಡ್ತೀರಿ?' ಅಷ್ಟೇ ಸಾಕು. ಹತ್ತು ಅಂಗಡಿಯಲ್ಲಿ ಇದೇ ಮಾತು ಬಂದರೆ ಹನ್ನೊಂದನೇ ಅಂಗಡಿಗೆ ಬರುವ ಹೊತ್ತಿಗೆ ಅವರ ಪಟ್ಟಿಯಲ್ಲಿ ಒಂದು ಹೊಸ ಸಾಲು ಸೇರಿರುತ್ತದೆ. ಶಾಲಿನ ಖರ್ಚು ಉಳಿಸಿ ಕೊಟ್ಟರೂ ಆಯಿತು.

ಕಡೆಗೆ ಒಂದು ಪ್ರಶ್ನೆ. ನಾಳೆ ಬೆಳಗ್ಗೆ ಕಡೂರಿನ ಬಸ್ಸಿನಿಂದ ಎಂಟು ವರ್ಷದ ಒಂದು ಲಂಬಾಣಿ ಹುಡುಗಿ ಅಜ್ಜಿಯ ಕೈ ಹಿಡಿದು ನಮ್ಮ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಇಳಿದಳು ಅನ್ನಿ. ಕಣ್ಣಲ್ಲಿ ವೆಂಕಟಲಕ್ಷಮ್ಮನವರ ಕಣ್ಣಿನ ಬೆಳಕೇ ಇದೆ ಅನ್ನಿ. ಆಕೆ ಎಲ್ಲಿಗೆ ಹೋಗಬೇಕು? ಅರಮನೆ ಈಗ ಟಿಕೆಟು ಕೊಟ್ಟು ಒಳಗೆ ಹೋಗುವ ಜಾಗ. ಪಾಠಕ್ಕೆ ಫೀಸು ಬೇಕು, ಉಡುಪಿಗೆ ದುಡ್ಡು ಬೇಕು, ರಂಗಪ್ರವೇಶಕ್ಕೆ ಲಕ್ಷ ಬೇಕು. ಆ ಅಜ್ಜಿ ಏನು ಮಾಡಿಯಾಳು? ಸಂಜೆಯ ಬಸ್ಸಿಗೆ ವಾಪಸು ಹತ್ತಿಸುತ್ತಾಳೆ. ಹಾಗೆ ವಾಪಸು ಹೋದವರು ಎಷ್ಟು ಜನ ಅಂತ ಯಾರೂ ಬರೆದಿಟ್ಟಿಲ್ಲ.

ಬಸ್ಸಿನ ಟೀಚರಮ್ಮನಿಗೆ ಇಳಿಯುವಾಗ ಈ ಮಾತು ಹೇಳಿದೆ. ಅವರು ಚೀಲ ಹೆಗಲಿಗೆ ಹಾಕಿಕೊಂಡು, 'ಸರ್, ನಮ್ಮ ಮನೆ ಕೆಲಸಕ್ಕೆ ಬರೋರ ಮಗಳೊಬ್ಬಳು ಇದ್ದಾಳೆ. ಬಾಗಿಲಲ್ಲಿ ನಿಂತು ನೋಡಿ ನೋಡೇ ಅಲಾರಿಪು ಕಲ್ತುಬಿಟ್ಟಳು. ಈಗ ಒಳಗೆ ಕರ್ಕೊಂಡಿದೀನಿ. ಫೀಸು ತಗೊಳ್ಳಲ್ಲ. ನನ್ನ ಕೈಲಿ ಆಗೋದು ಒಬ್ಬಳು, ಇಬ್ಬರು' ಅಂದರು.

ಘಲ್ ಅಂತ ಇಳಿದು ಹೋದರು. ಅರಮನೆ ಮಾಡಬೇಕಾದ ಕೆಲಸವನ್ನು ತಿಂಗಳ ಕೊನೆಗೆ ಕೈಸಾಲ ಮಾಡುವ ಒಬ್ಬ ಟೀಚರು ಮಾಡುತ್ತಿದ್ದಾರೆ. ನಾವು ನೀವೆಲ್ಲ ಸೇರಿದರೆ ಒಬ್ಬಳು, ಇಬ್ಬರು ಅನ್ನುವುದು ಹತ್ತಾಗುವುದಿಲ್ಲವೇ? ಏನಂತೀರಿ?